ಸ್ಕೂಬಾ ಪ್ರವಾಸಕ್ಕೆ ಬಿಡಿಭಾಗ, ಹತ್ಯಾರು: ಯಾವುದು ದೋಣಿಗೆ, ಯಾವುದು ಲಾಡ್ಜಿಗೆ, ಯಾವುದು ಮನೆಯಲ್ಲೇ

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ನಾಲ್ವರು ಕಾಫಿ ಬೆಳೆಗಾರರು. ಡೈವಿಂಗ್ ತರಬೇತಿ ಮುಗಿಸಿ ಎರಡು ವರ್ಷವಾಗಿದೆ. ಮಾಸ್ಕ್, ಕಾಲಿನ ಫಿನ್, ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರ್, ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ (ಬಿಸಿಡಿ) ಎಲ್ಲವನ್ನೂ ಸ್ವಂತಕ್ಕೆ ಕೊಂಡಿದ್ದೇವೆ. ಕಳೆದ ಸೀಸನ್ನಿನಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋದಾಗ ಒಬ್ಬರ ಫಿನ್ನಿನ ಪಟ್ಟಿ ಹರಿಯಿತು, ಇನ್ನೊಬ್ಬರಿಗೆ ಸಿಲಿಂಡರಿನ ಬಾಯಿಯ ಬಳಿ ಗಾಳಿ ಸೋರತೊಡಗಿತು. ಇಬ್ಬರೂ ದೋಣಿಯಲ್ಲೇ ಕುಳಿತು ಬಂದರು. ಈ ಸಲ ಹಣ್ಣು ಕೊಯ್ಲಿಗೆ ಮುಂಚೆ ಅಕ್ಟೋಬರ್ ಕೊನೆಯಲ್ಲಿ ನೇತ್ರಾಣಿಗೂ, ಕೊಯ್ಲು ಮತ್ತು ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಂಡಮಾನಿಗೂ ಹೋಗುವ ಯೋಚನೆಯಿದೆ. ಯಾವ ಬಿಡಿಭಾಗ, ಯಾವ ಹತ್ಯಾರು ಒಯ್ಯಬೇಕು? ಹಾಸನದಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯರೊಬ್ಬರು ಪೂರ್ತಿ ಟೂಲ್ ಬಾಕ್ಸನ್ನೇ ಕೊಡುತ್ತೇನೆ ಎನ್ನುತ್ತಾರೆ. ಗಾಳಿ ಸೋರದಂತೆ ಮುಚ್ಚುವ ರಬ್ಬರ್ ಉಂಗುರಗಳನ್ನು, ಅಂದರೆ ಓ ರಿಂಗ್‌ಗಳನ್ನು, ಇಲ್ಲಿನ ಬೇರಿಂಗ್ ಅಂಗಡಿಯಲ್ಲೇ ಕೊಳ್ಳಬಹುದೇ? ಅದಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಸಾಕೇ?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳು ನೋಡಲು ಒಂದೇ ಬಗೆಯವಾದರೂ ಅವುಗಳ ಮೂಲ ಬೇರೆ ಬೇರೆ, ಮತ್ತು ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಆ ವ್ಯತ್ಯಾಸದಲ್ಲಿಯೇ ಇದೆ. ಫಿನ್ನಿನ ರಬ್ಬರ್ ಪಟ್ಟಿ ಒಂದೇ ದಿನದಲ್ಲಿ ಹರಿಯುವುದಿಲ್ಲ. ಬಕಲ್ಲಿನ ಬಳಿ ಮಡಿಚಿಕೊಳ್ಳುವ ಜಾಗದಲ್ಲಿ ತಿಂಗಳುಗಟ್ಟಲೆ ಸಣ್ಣ ಸಣ್ಣ ಬಿರುಕು ಬಿಟ್ಟುಕೊಂಡು, ಕೊನೆಗೆ ಯಾರೋ ಅವಸರದಲ್ಲಿ ಎಳೆದಾಗ ಕೈಗೆ ಬರುತ್ತದೆ. ಅದನ್ನು ಸೆಪ್ಟೆಂಬರ್‌ನಲ್ಲಿ ಮನೆಯ ಜಗಲಿಯ ಮೇಲೆ ಕುಳಿತು ಬೆರಳಿನಿಂದ ಬಾಗಿಸಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಸಿಲಿಂಡರಿನ ಬಾಯಿಯ ಓ ರಿಂಗ್ ಹಾಗಲ್ಲ. ನಿಮ್ಮದು ಯೋಕ್ ಮಾದರಿಯ, ಅಂದರೆ ವಾಲ್ವನ್ನು ಹೊರಗಿನಿಂದ ಅಪ್ಪಿ ಬಿಗಿಯುವ ರೆಗ್ಯುಲೇಟರ್ ಆಗಿದ್ದರೆ ಆ ಉಂಗುರ ಕೂತಿರುವುದು ಸಿಲಿಂಡರಿನ ವಾಲ್ವಿನಲ್ಲಿ, ಎಂದರೆ ಅದು ಡೈವ್ ಸೆಂಟರಿನ ಸ್ವತ್ತು. ದಿನಕ್ಕೆ ನಾಲ್ಕು ಜನ ಅದಕ್ಕೆ ರೆಗ್ಯುಲೇಟರ್ ಸಿಕ್ಕಿಸಿ ಬಿಚ್ಚಿರುತ್ತಾರೆ, ಮರಳು ಹೊಕ್ಕಿರುತ್ತದೆ, ಬಿಸಿಲಿಗೆ ಒಣಗಿರುತ್ತದೆ, ಮತ್ತು ನಿಮ್ಮ ಕೈಗೆ ಯಾವ ಸಿಲಿಂಡರ್ ಬರುತ್ತದೆ ಎಂಬುದು ದೋಣಿ ಹತ್ತುವವರೆಗೂ ಗೊತ್ತಿರುವುದಿಲ್ಲ. ಮೊದಲನೆಯದಕ್ಕೆ ಮದ್ದು ಮನೆಯಲ್ಲಿ ಮಾಡುವ ಪರೀಕ್ಷೆ, ಎರಡನೆಯದಕ್ಕೆ ಮದ್ದು ದೋಣಿಯಲ್ಲಿ ಕೈಗೆಟಕುವ ಚೀಲ. ಡೈವರ್‌ಗಳ ಬಾಯಲ್ಲಿ ‘ಸೇವ್ ಎ ಡೈವ್ ಕಿಟ್’ ಎಂದು ಹೆಸರಾಗಿರುವುದು ಈ ಎರಡನೆಯ ಬಗೆಯ ಚೀಲಕ್ಕೆ ಮಾತ್ರ. ಅದನ್ನು ವರ್ಕ್‌ಶಾಪ್ ಎಂದು ತಿಳಿದು ತುಂಬಿಸಿದವರು ಭಾರವನ್ನು ಮಾತ್ರ ಹೊತ್ತುಕೊಂಡು ಹೋಗುತ್ತಾರೆ.

ಹಾಗಾಗಿ ಒಂದು ವಸ್ತುವನ್ನು ಒಯ್ಯಬೇಕೋ ಬೇಡವೋ ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಇಷ್ಟೇ: ಅಲುಗಾಡುವ ದೋಣಿಯ ಮೇಲೆ, ಒದ್ದೆ ಕೈಯಲ್ಲಿ, ಐದು ನಿಮಿಷದೊಳಗೆ, ಮನಸ್ಸಿನಲ್ಲಿ ಅನುಮಾನ ಉಳಿಯದಂತೆ ನಾನೇ ಅದನ್ನು ಹಾಕಬಲ್ಲೆನೇ? ಹೌದಾದರೆ ಅದು ಚೀಲಕ್ಕೆ ಸೇರುತ್ತದೆ. ಹಾಕಲು ಬರುತ್ತದೆ, ಆದರೆ ಮೇಜು, ಬೆಳಕು ಮತ್ತು ಸಮಯ ಬೇಕು ಎನ್ನುವುದು ಲಾಡ್ಜಿನ ಪೆಟ್ಟಿಗೆಗೆ ಹೋಗುತ್ತದೆ. ಹಾಕಲು ತರಬೇತಿಯೇ ಬೇಕು ಎನ್ನುವುದು ಪ್ರವಾಸಕ್ಕೆ ಬರುವುದೇ ಇಲ್ಲ. ರೆಗ್ಯುಲೇಟರಿನ ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಸಿಕ್ಕಿಸುವ ಭಾಗ) ಮತ್ತು ಸೆಕೆಂಡ್ ಸ್ಟೇಜಿನ (ಬಾಯಲ್ಲಿ ಕಚ್ಚಿಕೊಳ್ಳುವ ಭಾಗ) ಒಳಭಾಗಗಳು, ಅಂದರೆ ಸೀಟ್, ಸ್ಪ್ರಿಂಗ್, ಡಯಾಫ್ರಂ, ಪಿಸ್ಟನ್ ಇವೆಲ್ಲ ಈ ಕೊನೆಯ ಗುಂಪಿನವು. ಸರ್ವಿಸ್ ಕಿಟ್ ಹಣ ಕೊಟ್ಟರೆ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಪಂಪ್‌ಸೆಟ್ಟಿನ ವಾಷರ್ ತಪ್ಪಾಗಿ ಕೂತರೆ ನೀರು ಸೋರುತ್ತದೆ, ಅಷ್ಟೇ. 18 ಮೀಟರ್ ಆಳದಲ್ಲಿ ತಪ್ಪಾಗಿ ಕೂತ ಸೀಟಿಗೆ ಆ ಉದಾರತೆ ಇಲ್ಲ.

ರೆಗ್ಯುಲೇಟರಿನ ಸರ್ವಿಸನ್ನು ಹೊರಡುವ ವಾರ ಮಾಡಿಸಬೇಡಿ. ಕನಿಷ್ಠ ಆರು ವಾರ ಮುಂಚೆ ಮಾಡಿಸಿ, ಅದಾದ ಮೇಲೆ ಈಜುಕೊಳದಲ್ಲಾದರೂ ಒಂದು ಗಂಟೆ ಉಸಿರಾಡಿ ನೋಡಬೇಕು. ಹೊಸ ಸೀಟು ಲೋಹದ ಅಂಚಿಗೆ ಒಗ್ಗಿಕೊಳ್ಳುವಾಗ ಮಧ್ಯಂತರ ಒತ್ತಡ, ಅಂದರೆ ಫಸ್ಟ್ ಸ್ಟೇಜಿನಿಂದ ಸೆಕೆಂಡ್ ಸ್ಟೇಜಿಗೆ ಹೋಗುವ ಗಾಳಿಯ ಒತ್ತಡ, ಸ್ವಲ್ಪ ಜರುಗುವುದು ಸಾಮಾನ್ಯ, ಹಾಗಾಗಿ ನಿನ್ನೆ ತಾನೇ ಸರ್ವಿಸ್ ಆಗಿ ಬಂದ ರೆಗ್ಯುಲೇಟರ್ ಎಂದರೆ ನನಗೆ ಸಮಾಧಾನಕ್ಕಿಂತ ಎಚ್ಚರವೇ ಹೆಚ್ಚು. ಈ ಒತ್ತಡವನ್ನು ನೋಡಲು ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಹೋಸಿಗೆ ಸಿಕ್ಕಿಸುವ ಅಂಗೈಯಗಲದ ಒಂದು ಗೇಜ್ ಸಿಗುತ್ತದೆ, ನಾಲ್ವರ ನಡುವೆ ಒಂದಿದ್ದರೆ ಸಾಕು. ಬಹುತೇಕ ಫಸ್ಟ್ ಸ್ಟೇಜ್‌ಗಳಲ್ಲಿ ಅದು 9ರಿಂದ 10 ಬಾರ್ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು, ಮತ್ತು ನಿಂತ ಜಾಗದಲ್ಲೇ ನಿಲ್ಲಬೇಕು. ಐದು ನಿಮಿಷ ಬಿಟ್ಟು ನೋಡಿದಾಗ ಮುಳ್ಳು ಮೆಲ್ಲನೆ ಮೇಲೇರುತ್ತಿದ್ದರೆ ಸೀಟು ಮುಚ್ಚಿಕೊಳ್ಳುತ್ತಿಲ್ಲ ಎಂದು ಅರ್ಥ. ಆಗ ನಿಮ್ಮ ಚೀಲದಲ್ಲಿರುವ ಯಾವ ಹತ್ಯಾರೂ ಉಪಯೋಗಕ್ಕೆ ಬರುವುದಿಲ್ಲ, ಆ ರೆಗ್ಯುಲೇಟರನ್ನು ಬದಿಗಿಟ್ಟು ಸೆಂಟರಿನದನ್ನು ಬಾಡಿಗೆಗೆ ಪಡೆಯುವುದೊಂದೇ ದಾರಿ. ಈ ಗೇಜ್ ರಿಪೇರಿಯ ಸಾಧನವಲ್ಲ. ‘ಇವತ್ತು ಇದನ್ನು ಬಳಸಬೇಡ’ ಎಂದು ಸಮಯಕ್ಕೆ ಸರಿಯಾಗಿ ಹೇಳುತ್ತದೆ ಎಂಬುದಕ್ಕಾಗಿ ಅದಕ್ಕೆ ಪೆಟ್ಟಿಗೆಯಲ್ಲಿ ಜಾಗ.

ಇನ್ನು ಓ ರಿಂಗ್ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಡೈವ್ ಕೈತಪ್ಪಿಸುವ ವಸ್ತುಗಳಲ್ಲಿ ಇದರಷ್ಟು ಅಗ್ಗದ್ದೂ ಇದರಷ್ಟು ಸಾಮಾನ್ಯವಾದದ್ದೂ ಇನ್ನೊಂದಿಲ್ಲ. ಯೋಕ್ ವಾಲ್ವಿನ ಬಾಯಿಗೆ ಬರುವುದು 014 ಎಂಬ ಸಂಖ್ಯೆಯ ಉಂಗುರ. ಇದರ ಒಳವ್ಯಾಸ 12.42 ಮಿ.ಮೀ., ರಬ್ಬರಿನ ದಪ್ಪ 1.78 ಮಿ.ಮೀ. ವಾಲ್ವಿನೊಳಗೆ ತಿರುಪಿ ಕೂರಿಸುವ ಡಿನ್ ಮಾದರಿಯ ರೆಗ್ಯುಲೇಟರಿನ ತುದಿಯಲ್ಲಿ ಸಾಮಾನ್ಯವಾಗಿ ಕೂರುವುದು 112, ಇದರ ಒಳವ್ಯಾಸ 12.37 ಮಿ.ಮೀ., ದಪ್ಪ 2.62 ಮಿ.ಮೀ. ಒಳವ್ಯಾಸ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬರಿಗಣ್ಣಿಗೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಮುಚ್ಚುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯದೆ, ಬೇರೆ ಬೇರೆ ಸಣ್ಣ ಜಿಪ್ ಕವರಿನಲ್ಲಿ ಸಂಖ್ಯೆ ಬರೆದು ಇಡಬೇಕು. ಮೂರನೆಯದು 003, ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ಹೋಸಿಗೆ ಸೇರುವ ಜಾಗದಲ್ಲಿ ತಿರುಗುವ ಪುಟ್ಟ ಸ್ಪೂಲಿನ ಎರಡು ತುದಿಗಳಲ್ಲಿರುವ, ಅಕ್ಕಿಕಾಳಿನಷ್ಟೇ ಇರುವ ಉಂಗುರ. ಗೇಜಿನ ಬುಡದಲ್ಲಿ ನೀರಿನಡಿ ಸಣ್ಣ ಗುಳ್ಳೆಗಳ ಸರ ಏಳುವುದನ್ನು ನೀವು ಕಂಡಿದ್ದರೆ ಅದು ಬಹುಪಾಲು ಇದರದೇ ಕೆಲಸ. ಉಂಗುರಗಳ ಜೊತೆಗೆ ಪೂರ್ತಿ ಸ್ಪೂಲನ್ನೇ ಒಂದೆರಡು ಇಟ್ಟುಕೊಳ್ಳುವುದು ಮೇಲು, ಏಕೆಂದರೆ ಹಳೆಯ ಸ್ಪೂಲಿನ ಲೋಹ ಸವೆದಿದ್ದರೆ ಹೊಸ ಉಂಗುರವೂ ನಿಲ್ಲುವುದಿಲ್ಲ.

ಬೇರಿಂಗ್ ಅಂಗಡಿಯ ಪ್ರಶ್ನೆಗೆ ನನ್ನ ಉತ್ತರ: ಕೊಳ್ಳಬಹುದು, ಆದರೆ ಅಳತೆ ಒಂದನ್ನೇ ನೋಡಿ ಕೊಳ್ಳಬಾರದು. ಹೈಡ್ರಾಲಿಕ್ ಸೀಲುಗಳನ್ನು ಮಾರುವ ಅಂಗಡಿಗಳಲ್ಲಿ ಈ ಅಳತೆಗಳು ಸಿಗುತ್ತವೆ, ಆದರೆ ಸಾಧಾರಣವಾಗಿ ಕೈಗೆ ಕೊಡುವುದು 70 ಗಡಸುತನದ ನೈಟ್ರೈಲ್ ರಬ್ಬರು. ಸಿಲಿಂಡರಿನ ಬಾಯಿಯಲ್ಲಿ 200 ಬಾರ್ ಒತ್ತಡ ಕೂತಾಗ ಮೆತ್ತಗಿನ ರಬ್ಬರು ಸಂದಿಯೊಳಗೆ ಹಿಂಡಿಕೊಂಡು ಹೊರಬರುತ್ತದೆ. ಅಲ್ಲಿಗೆ ಬೇಕಾಗಿರುವುದು 90 ಗಡಸುತನದ ನೈಟ್ರೈಲ್ ಅಥವಾ ಪಾಲಿಯುರಿಥೇನ್. ಅಂಗಡಿಯವರು ಗಡಸುತನವನ್ನು ಖಚಿತವಾಗಿ ಹೇಳಲಾರದಿದ್ದರೆ ಡೈವಿಂಗ್ ಉಪಕರಣ ಮಾರುವವರಿಂದಲೇ ತರಿಸಿಕೊಳ್ಳಿ. ಹತ್ತು ಉಂಗುರದ ಬೆಲೆಯಲ್ಲಿ ಉಳಿಸುವುದು ನೀವು ಪ್ರವಾಸದಲ್ಲಿ ಕುಡಿಯುವ ಕಾಫಿಯ ದುಡ್ಡಿಗೂ ಸಮವಾಗದು. ನಾಲ್ವರಿಗೆ 014 ಹತ್ತು, ಡಿನ್ ಇರುವವರಿಗೆ ತಲಾ ಎರಡರಂತೆ 112, ಎರಡು ಸ್ಪೂಲ್, ಇಷ್ಟಿದ್ದರೆ ಎರಡೂ ಪ್ರವಾಸಕ್ಕೆ ಆಗಿ ಉಳಿಯುತ್ತದೆ.

ಕೊಬ್ಬರಿ ಎಣ್ಣೆ ಬೇಡ, ವ್ಯಾಸಲೀನ್ ಬೇಡ, ಪಂಪ್‌ಸೆಟ್ಟಿನ ಗ್ರೀಸಂತೂ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದನ್ನು ಮಲೆನಾಡಿನಲ್ಲಿ ಚಳಿಗಾಲದ ಬೆಳಗ್ಗೆ ಬಾಟಲಿ ಬಿಸಿಲಿಗಿಡುವವರಿಗೆ ಬೇರೆ ಹೇಳಬೇಕಿಲ್ಲ. ಅದು ಕಮಟಾಗುತ್ತದೆ, ಧೂಳನ್ನು ಹಿಡಿಯುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಹೆಚ್ಚಿನ ಒತ್ತಡದ ಗಾಳಿ ಹರಿಯುವ ಜಾಗದಲ್ಲಿ, ಅದರಲ್ಲೂ ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಮಿಶ್ರಣ ಬಳಸುವಾಗ, ಎಣ್ಣೆಯ ಅಂಶ ಎಂದರೆ ಬೆಂಕಿಗೆ ಇಟ್ಟ ಕೊಳ್ಳಿ. ಡೈವಿಂಗಿಗೆಂದೇ ಸಿಗುವ ಶುದ್ಧ ಸಿಲಿಕೋನ್ ಗ್ರೀಸಿನ ಒಂದು ಪುಟ್ಟ ಟ್ಯೂಬು ಲಾಡ್ಜಿನ ಪೆಟ್ಟಿಗೆಯಲ್ಲಿರಲಿ. ಅದನ್ನು ಬಳಸಬೇಕಾದದ್ದು ಟಾರ್ಚಿನ ಮುಚ್ಚಳ, ಬ್ಯಾಟರಿ ಮುಚ್ಚಳ, ಗೇಜಿನ ಸ್ಪೂಲ್ ಇಂಥ ಕಡೆ ಮಾತ್ರ, ಅದೂ ಉಂಗುರ ಮಿನುಗುವಷ್ಟು, ಮೆತ್ತಿಕೊಳ್ಳುವಷ್ಟಲ್ಲ. ಸಿಲಿಕೋನ್ ರಬ್ಬರಿನ ಉಂಗುರಗಳಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಅವು ಉಬ್ಬುತ್ತವೆ, ಆದ್ದರಿಂದ ಕ್ಯಾಮೆರಾ ಹೌಸಿಂಗಿಗೆ ತಯಾರಕರು ಕೊಟ್ಟ ಗ್ರೀಸನ್ನೇ ಬಳಸಿ. ಸಿಲಿಂಡರಿನ ಬಾಯಿಯ 014 ಉಂಗುರಕ್ಕೆ ಏನನ್ನೂ ಸವರಬೇಕಿಲ್ಲ. ಒಣಗಿದ್ದಷ್ಟೂ ಅಲ್ಲಿ ಮರಳು ಕಡಿಮೆ ಅಂಟುತ್ತದೆ.

ಹಳೆಯ ಉಂಗುರವನ್ನು ತೋಡಿನಿಂದ ಎಬ್ಬಿಸಲು ಹಿತ್ತಾಳೆಯ ಮೊಂಡು ಕೊಕ್ಕೆ ಸಿಗುತ್ತದೆ, ಇಲ್ಲವೇ ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆಯನ್ನು ಚೂಪಾಗಿ ಕತ್ತರಿಸಿಕೊಂಡರೂ ಆದೀತು. ಕಲಿಯುವ ದಿನಗಳಲ್ಲಿ ನಾನೇ ಒಮ್ಮೆ ಅವಸರಕ್ಕೆ ಸೇಫ್ಟಿ ಪಿನ್ ಹಾಕಿ ಎಬ್ಬಿಸಿ, ತೋಡಿನ ಹಿತ್ತಾಳೆಯ ಮೇಲೆ ಕೂದಲೆಳೆಯಂಥ ಗೀರು ಎಳೆದುಬಿಟ್ಟೆ. ಆಮೇಲೆ ಎಷ್ಟು ಉಂಗುರ ಬದಲಿಸಿದರೂ ಆ ಗೀರಿನ ದಾರಿಯಲ್ಲಿ ಗಾಳಿ ಸೋರುವುದು ನಿಲ್ಲಲಿಲ್ಲ, ಭಾಗವನ್ನೇ ಬದಲಿಸಬೇಕಾಯಿತು.

ಸ್ಪ್ಯಾನರ್‌ಗಳಿಗೆ ಬರುತ್ತೇನೆ. ನಿಮ್ಮ ಗ್ಯಾರೇಜ್ ಗೆಳೆಯರ ಪ್ರೀತಿಗೆ ನಮಸ್ಕಾರ ಹೇಳಿ, ಪೆಟ್ಟಿಗೆಯನ್ನು ಹಾಸನದಲ್ಲೇ ಬಿಟ್ಟು, ಅದರೊಳಗಿನ ನಾಲ್ಕೈದು ವಸ್ತುಗಳನ್ನು ಮಾತ್ರ ಕೇಳಿ ಪಡೆಯಿರಿ. ಕಡಿಮೆ ಒತ್ತಡದ ಹೋಸುಗಳ ಬುಡಕ್ಕೆ 9/16 ಇಂಚು ಅಥವಾ 14 ಮಿ.ಮೀ., ಗೇಜಿನ ಹೆಚ್ಚು ಒತ್ತಡದ ಹೋಸಿಗೆ 5/8 ಇಂಚು, ಸೆಕೆಂಡ್ ಸ್ಟೇಜಿನ ತುದಿಗೆ 11/16 ಇಂಚು, ಪೋರ್ಟುಗಳ ಮುಚ್ಚಳಗಳಿಗೆ 4 ಮಿ.ಮೀ. ಅಥವಾ 5/32 ಇಂಚಿನ ಎಲ್ ಕೀ, ಇವು ಸಾಮಾನ್ಯವಾಗಿ ಕಾಣುವ ಅಳತೆಗಳು. ಆದರೆ ನಾನು ಬರೆದಿದ್ದನ್ನು ನಂಬಿ ಕೊಳ್ಳಬೇಡಿ. ತಯಾರಕರಿಂದ ತಯಾರಕರಿಗೆ ಇವು ಬದಲಾಗುತ್ತವೆ, 9/16 ಇಂಚು ಎಂದರೆ 14.29 ಮಿ.ಮೀ. ಆದುದರಿಂದ ಅಂಥ ನಟ್ಟಿಗೆ 14ರ ಸ್ಪ್ಯಾನರ್ ಕೂರುವುದೇ ಇಲ್ಲ, 15ರದು ಸಡಿಲವಾಗಿ ಮೂಲೆ ತಿನ್ನುತ್ತದೆ. ನಾಲ್ವರೂ ನಿಮ್ಮ ನಿಮ್ಮ ರೆಗ್ಯುಲೇಟರನ್ನು ಒಂದೇ ಕಡೆ ತಂದು, ಒಂದೊಂದು ಹೋಸಿಗೂ ಸ್ಪ್ಯಾನರ್ ಇಟ್ಟು ನೋಡಿ, ಕೂತದ್ದನ್ನು ಮಾತ್ರ ತೆಗೆದಿಡಿ. ಎಲ್ಲಕ್ಕೂ ಹೊಂದುವ ಆರಿಂಚಿನ ಒಂದು ಒಳ್ಳೆಯ ಸ್ಕ್ರೂ ಸ್ಪ್ಯಾನರ್ ಇದ್ದರೆ ಇನ್ನೂ ಹಗುರ. ಆದರೆ ದವಡೆ ಅಲುಗಾಡುವ ಅಗ್ಗದ್ದನ್ನು ತಂದರೆ ಹಿತ್ತಾಳೆಯ ನಟ್ಟು ದುಂಡಗಾಗುತ್ತದೆ.

ಇಲ್ಲಿ ಗ್ಯಾರೇಜಿನ ಒಂದು ಬುದ್ಧಿಯನ್ನು ಬಿಡಬೇಕಾಗುತ್ತದೆ. ಬಿಗಿ ಮಾಡಿದಷ್ಟೂ ಸೋರುವುದು ನಿಲ್ಲುತ್ತದೆ ಎಂಬುದು ನಾರು ಸುತ್ತಿದ ಪೈಪಿನ ಜೋಡಣೆಗೆ ಸರಿ, ಓ ರಿಂಗಿಗೆ ಅಲ್ಲ. ಇಲ್ಲಿ ಮುಚ್ಚುವುದು ಉಂಗುರ, ನಟ್ಟು ಅದನ್ನು ಜಾಗದಲ್ಲಿ ಹಿಡಿದಿರುತ್ತದೆ ಅಷ್ಟೇ. ಕೈಯಿಂದ ಪೂರ್ತಿ ತಿರುಗಿಸಿ, ಸ್ಪ್ಯಾನರಿನಿಂದ ಒಂದು ಸಣ್ಣ ನೂಕು ಕೊಟ್ಟರೆ ಮುಗಿಯಿತು. ಸಿಲಿಂಡರ್ ತೆರೆದಿರುವಾಗ, ಒಳಗೆ ಒತ್ತಡವಿರುವಾಗ ಯಾವ ಜೋಡಣೆಗೂ ಸ್ಪ್ಯಾನರ್ ತಾಗಿಸಬಾರದು: ಮೊದಲು ವಾಲ್ವ್ ಮುಚ್ಚಿ, ಸೆಕೆಂಡ್ ಸ್ಟೇಜಿನ ಗುಂಡಿ ಒತ್ತಿ ಗಾಳಿ ಖಾಲಿ ಮಾಡಿ, ಗೇಜು ಸೊನ್ನೆಗೆ ಬಂದ ಮೇಲೆ ಕೆಲಸ. ಸೆಕೆಂಡ್ ಸ್ಟೇಜಿನ ತುದಿಯನ್ನು ಬಿಚ್ಚಲು ಎರಡು ಸ್ಪ್ಯಾನರ್ ಬೇಕಾಗುತ್ತದೆ, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದರಲ್ಲೇ ತಿರುಗಿಸಿದರೆ ಒಳಗಿನ ನಳಿಗೆಯೂ ತಿರುಗಿ ಹೊಂದಾಣಿಕೆ ಕೆಡುವ ಅಪಾಯವಿದೆ. ಯಾರಾದರೂ ಎದುರಿಗೆ ತೋರಿಸಿಕೊಡುವವರೆಗೆ ನೀವು ಆ ತುದಿಯ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಹೋಸುಗಳ ಪೈಕಿ ಒಯ್ಯಬೇಕಾದದ್ದು ಒಂದು ಇನ್‌ಫ್ಲೇಟರ್ ಹೋಸ್. ಅದರ ತುದಿಯ ಸಣ್ಣ ವಾಲ್ವ್ ಉಪ್ಪು ಕಟ್ಟಿ ಸಿಕ್ಕಿಕೊಂಡಾಗ ಬಿಸಿಡಿ ತಾನಾಗಿ ಉಬ್ಬತೊಡಗುತ್ತದೆ ಅಥವಾ ಒತ್ತಿದರೂ ಉಬ್ಬುವುದಿಲ್ಲ. ಒಳಗೆ ಇಣುಕಿದರೆ ಬೈಕಿನ ಟ್ಯೂಬಿನ ವಾಲ್ವ್ ಪಿನ್ನಿನಂತೆಯೇ ಒಂದು ತುಂಡು ಕಾಣಿಸಿ, ನಿಮ್ಮ ಗೆಳೆಯರ ಗ್ಯಾರೇಜಿನಲ್ಲಿ ಇಂಥದ್ದು ಡಬ್ಬಿಗಟ್ಟಲೆ ಇದೆಯಲ್ಲ ಎನ್ನಿಸಬಹುದು. ಆ ಆಸೆಗೆ ಬೀಳಬೇಡಿ, ಆ ಕೆಲಸಕ್ಕೆಂದು ಮಾಡದ ಪಿನ್ನನ್ನು ಅಲ್ಲಿ ಕೂರಿಸದೆ ಹೋಸನ್ನೇ ಬದಲಿಸಿ. ಗೇಜಿನ ಹೋಸಿಗಿಂತ ಕಡಿಮೆ ಒತ್ತಡದ ಹೋಸುಗಳನ್ನು ಹೆಚ್ಚು ಗಮನವಿಟ್ಟು ಪರೀಕ್ಷಿಸಿ ಎಂದು ಹೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಫಸ್ಟ್ ಸ್ಟೇಜಿನಿಂದ ಗೇಜಿನ ಹೋಸಿಗೆ ಗಾಳಿ ಬರುವ ರಂಧ್ರ ಸೂಜಿಮೊನೆಯಷ್ಟು, ಹಾಗಾಗಿ ಅದು ಒಡೆದರೆ ಸದ್ದು ದೊಡ್ಡದಾದರೂ ಗಾಳಿ ನಿಧಾನವಾಗಿ ಹೋಗುತ್ತದೆ. ಕಡಿಮೆ ಒತ್ತಡದ ಹೋಸ್ ಒಡೆದರೆ ಸಿಲಿಂಡರ್ ಅದಕ್ಕಿಂತ ಬಹಳ ಬೇಗ ಬರಿದಾಗುತ್ತದೆ. ಲೋಹ ಮತ್ತು ರಬ್ಬರ್ ಕೂಡುವ ಜಾಗದಲ್ಲಿ ಪ್ಲಾಸ್ಟಿಕ್ ತೋಳನ್ನು ಹಿಂದಕ್ಕೆ ಸರಿಸಿ ಬಾಗಿಸಿ ನೋಡಿ. ಬಿರುಕು ಕಂಡರೆ ಆ ಹೋಸ್ ಪ್ರವಾಸಕ್ಕೆ ಬರಕೂಡದು.

ದೋಣಿಯ ಚೀಲಕ್ಕೆ ಸೇರುವ ಉಳಿದ ವಸ್ತುಗಳು ಸಣ್ಣವು. ಮಾಸ್ಕಿನ ಪಟ್ಟಿ ಒಂದು, ಫಿನ್ನಿನ ಪಟ್ಟಿ ಬಕಲ್ ಸಮೇತ ಒಂದು ಜೊತೆ. ರಬ್ಬರ್ ಪಟ್ಟಿಯ ಬದಲು ಉಕ್ಕಿನ ಸ್ಪ್ರಿಂಗ್ ಪಟ್ಟಿಯನ್ನು ಮನೆಯಲ್ಲೇ ಹಾಕಿಕೊಂಡರೆ ಕಳೆದ ವರ್ಷದ ತೊಂದರೆ ಬೇರಿನಿಂದಲೇ ಹೋಗುತ್ತದೆ. ಮೌತ್‌ಪೀಸ್ ಎರಡು, ಅವನ್ನು ಕಟ್ಟಲು ಸಣ್ಣ ಕೇಬಲ್ ಟೈ ಹತ್ತು, ಬಾಲ ಕತ್ತರಿಸಲು ಉಗುರು ಕತ್ತರಿ. ಕಟಿಂಗ್ ಪ್ಲೇಯರಿಗಿಂತ ಇದು ಹತ್ತಿರಕ್ಕೆ ಕತ್ತರಿಸುವುದರಿಂದ ತುಟಿಗೆ ಚುಚ್ಚುವ ಮೊನೆ ಉಳಿಯುವುದಿಲ್ಲ. ಹಳೆಯ ಟೂತ್ ಬ್ರಷ್, ಪೆನ್ಸಿಲಿಗೆ ಸುತ್ತಿದ ಒಂದೆರಡು ಮೀಟರ್ ಬಟ್ಟೆಯ ಟೇಪು, ಎರಡು ಮೀಟರ್ ನೈಲಾನ್ ಹುರಿ. ನಿಮ್ಮಲ್ಲಿ ಕನ್ನಡಕದವರಿದ್ದರೆ ಅವರ ನಂಬರಿನ ಗಾಜು ಹಾಕಿದ ಇನ್ನೊಂದು ಮಾಸ್ಕ್ ಮಾತ್ರ ಮರೆಯಬಾರದ್ದು. ಬೇರೆಲ್ಲವನ್ನೂ ಸೆಂಟರಿನವರಿಂದ ಎರವಲು ಪಡೆಯಬಹುದು, ಆದರೆ ನಿಮ್ಮ ಕಣ್ಣಿನ ನಂಬರು ಅವರ ಬಳಿ ಇರುವುದಿಲ್ಲ. ವೆಟ್‌ಸೂಟಿನ ಹಿತ್ತಾಳೆ ಜಿಪ್ಪಿಗೆ ಒಂದು ಉಂಡೆ ಜೇನುಮೇಣ ಒಯ್ದರೆ ಅದಕ್ಕಿಂತ ಒಳ್ಳೆಯ ವಸ್ತು ಪೇಟೆಯಲ್ಲಿ ಹುಡುಕಬೇಕಿಲ್ಲ, ಅದು ನಿಮ್ಮೂರಿನಲ್ಲೇ ಇದೆ.

ಡೈವ್ ಕಂಪ್ಯೂಟರಿನ ಬ್ಯಾಟರಿಯನ್ನು ಹೊರಡುವ ಒಂದು ವಾರ ಮೊದಲು ಮನೆಯಲ್ಲಿ ಬದಲಿಸಿ, ಮುಚ್ಚಳದ ಉಂಗುರವನ್ನೂ ಆಗಲೇ ಬದಲಿಸಿ. ಕೆಲವು ಮಾದರಿಗಳ ಬ್ಯಾಟರಿಯನ್ನು ಸರ್ವಿಸ್ ಸೆಂಟರಿನಲ್ಲೇ ಹಾಕಿಸಬೇಕಾಗುತ್ತದೆ, ಕೈಪಿಡಿ ನೋಡಿಕೊಳ್ಳಿ. ಎರಡು ಡೈವ್‌ಗಳ ನಡುವೆ ಬ್ಯಾಟರಿ ಬದಲಿಸುವುದು ಸರಿಯಲ್ಲ, ಏಕೆಂದರೆ ಕೆಲವು ಕಂಪ್ಯೂಟರ್‌ಗಳು ಆಗ ಹಿಂದಿನ ಡೈವಿನ ಸಾರಜನಕದ ಲೆಕ್ಕವನ್ನೇ ಮರೆತು, ನೀವು ಹೊಸದಾಗಿ ನೀರಿಗಿಳಿಯುತ್ತಿದ್ದೀರಿ ಎಂದು ಭಾವಿಸುತ್ತವೆ.

ಮಲೆನಾಡಿನವರಾದ ನಿಮಗೆ ಎರಡು ವಿಶೇಷ ತೊಂದರೆಗಳಿವೆ. ಮೊದಲನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೇ ಬೂಸ್ಟು ಬರುವ ಮನೆಯಲ್ಲಿ ಬಿಸಿಡಿ ಮತ್ತು ವೆಟ್‌ಸೂಟನ್ನು ಚೀಲದೊಳಗೆ ಮಡಿಚಿಟ್ಟರೆ ಅಕ್ಟೋಬರ್‌ನಲ್ಲಿ ತೆರೆಯುವಾಗ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಬಿಸಿಡಿಯನ್ನು ಅರ್ಧ ಉಬ್ಬಿಸಿ ತೂಗುಹಾಕಿ, ಹತ್ಯಾರುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಿ. ಇವನ್ನೆಲ್ಲ ಎಲ್ಲಿ ಇಡುತ್ತೀರಿ ಎಂಬುದು ಇನ್ನೂ ಮುಖ್ಯ. ಎಸ್ಟೇಟಿನ ಗೊಬ್ಬರದ ಕೋಣೆಯಲ್ಲಿ ಜಾಗವಿದೆ ಎಂದು ಅಲ್ಲಿ ಇಡಬೇಡಿ: ಗೊಬ್ಬರದಿಂದ ಏಳುವ ಅಮೋನಿಯಾ ತೇವದೊಡನೆ ಸೇರಿದರೆ ಒತ್ತಡ ತಾಳುವ ಹಿತ್ತಾಳೆಯ ಭಾಗಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿಸಬಲ್ಲದು. ಮೋಟಾರು ಓಡುವ ಕೋಣೆಯೂ ಬೇಡ, ಅದರ ಕಿಡಿಗಳಿಂದ ಹುಟ್ಟುವ ಓಝೋನ್ ನೈಟ್ರೈಲ್ ರಬ್ಬರನ್ನು ಬಿರಿಸುತ್ತದೆ. ಇಲಿಗಳಿಗಂತೂ ಹೋಸು ಎಂದರೆ ಹಬ್ಬ. ಮನೆಯೊಳಗಿನ ಬೀರುವೇ ಸರಿಯಾದ ಜಾಗ.

ಎರಡನೆಯದು ಘಾಟಿ. ಮೂಡಿಗೆರೆ, ಚಿಕ್ಕಮಗಳೂರು ಭಾಗ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲ ದಡದ್ದಕ್ಕಿಂತ ಹತ್ತಕ್ಕೆ ಒಂದು ಪಾಲಿನಷ್ಟು ಕಡಿಮೆ. ರಬ್ಬರ್ ಸೀಲಿರುವ, ಗಾಳಿಯಾಡದ ಪೆಟ್ಟಿಗೆಯನ್ನು ಮನೆಯಲ್ಲಿ ಭದ್ರವಾಗಿ ಮುಚ್ಚಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿದು ಮುರುಡೇಶ್ವರ ತಲುಪಿದ ಮೇಲೆ ತೆರೆಯಲು ಹೋದರೆ ಮುಚ್ಚಳ ಏಳುವುದಿಲ್ಲ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಮುಚ್ಚಳ ಒಂದಿಷ್ಟೂ ಬಾಗದಿದ್ದರೆ ಅದರ ಮೇಲೆ ಹೊರಗಿನ ಗಾಳಿ ಹೇರುವ ಭಾರ ಲೆಕ್ಕದ ಪ್ರಕಾರ ಸುಮಾರು 70 ಕಿಲೋ. ಪ್ಲಾಸ್ಟಿಕ್ಕು ಬಾಗುವುದರಿಂದ ವಾಸ್ತವದಲ್ಲಿ ಅಷ್ಟಾಗದು, ಆದರೂ ಸ್ಕ್ರೂ ಡ್ರೈವರ್ ಹಾಕಿ ಮೀಟಿ ಪೆಟ್ಟಿಗೆಯ ಅಂಚು ಒಡೆದವರಿದ್ದಾರೆ. ಗಾಳಿ ಬಿಡುವ ತಿರುಪಿರುವ ಪೆಟ್ಟಿಗೆಯನ್ನೇ ಕೊಳ್ಳಿ, ಇಲ್ಲವೇ ಪ್ರಯಾಣದಲ್ಲಿ ಕ್ಲಿಪ್ ಒಂದನ್ನು ಬಿಚ್ಚಿಡಿ. ಕ್ಯಾಮೆರಾ ಹೌಸಿಂಗನ್ನು, ಟಾರ್ಚನ್ನು ಘಾಟಿಯಲ್ಲೂ ವಿಮಾನದಲ್ಲೂ ಉಂಗುರ ತೆಗೆದು ಅಥವಾ ಮುಚ್ಚಳ ಸಡಿಲಿಸಿಯೇ ಒಯ್ಯಬೇಕು.

ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ, ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ಲಾಡ್ಜಿನಲ್ಲಿ ಬಿಟ್ಟುಬಂದ ಉಂಗುರಕ್ಕಾಗಿ ಯಾರೂ ದೋಣಿ ತಿರುಗಿಸುವುದಿಲ್ಲ. ದೋಣಿಯ ಚೀಲ ಒಂದು ಕಿಲೋ ಮೀರದಿರಲಿ, ನಾಲ್ವರಲ್ಲಿ ಒಬ್ಬರೇ ಅದರ ಹೊಣೆ ಹೊರಲಿ. ಹೊರಡುವ ಮುನ್ನ ಸೆಂಟರಿಗೆ ಫೋನ್ ಮಾಡಿ ಸಿಲಿಂಡರಿನ ವಾಲ್ವ್ ಯೋಕೋ, ಡಿನ್ನೋ ಎಂದು ಕೇಳಿ. ನಿಮ್ಮ ರೆಗ್ಯುಲೇಟರ್ ಡಿನ್ ಆಗಿದ್ದು ಅಲ್ಲಿರುವುದು ಯೋಕ್ ಮಾತ್ರವಾದರೆ ಯೋಕ್ ಅಡಾಪ್ಟರ್ ಇಲ್ಲದೆ ಬೇರೆ ಯಾವ ಸ್ಪೇರ್ ಇದ್ದೂ ಫಲವಿಲ್ಲ.

ಅಂಡಮಾನಿನ ಪ್ರವಾಸಕ್ಕೆ ತೂಕವೇ ದೊಡ್ಡ ಲೆಕ್ಕ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ ಲಗೇಜು ಮತ್ತು ಕೈಚೀಲಕ್ಕೆ 7 ಕಿಲೋ. ರೆಗ್ಯುಲೇಟರ್, ಕಂಪ್ಯೂಟರ್, ಮಾಸ್ಕ್ ಕೈಚೀಲದಲ್ಲಿ ಬರಲಿ, ತಪಾಸಣೆಯಲ್ಲಿ ತೆಗೆದು ತೋರಿಸಲು ಹೇಳಿದರೆ ತೋರಿಸಿ. ಸ್ಪ್ಯಾನರ್, ಎಲ್ ಕೀ, ಪ್ಲೇಯರ್, ಚಾಕು, ಉಗುರು ಕತ್ತರಿ ಎಲ್ಲವೂ ಲಗೇಜಿಗೆ. ಬಿಡಿ ಲಿಥಿಯಂ ಬ್ಯಾಟರಿಗಳು ಇದಕ್ಕೆ ತದ್ವಿರುದ್ಧ: ಅವು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪು ಅಂಟಿಸಿರಬೇಕು, ಮತ್ತು 100 ವ್ಯಾಟ್-ಅವರ್ ಮೀರಿದವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಟಾರ್ಚಿನಿಂದ ಬ್ಯಾಟರಿ ಹೊರತೆಗೆದಿಡಿ. ಒಳಗೆ ಆಕಸ್ಮಿಕವಾಗಿ ಹೊತ್ತಿಕೊಂಡ ಡೈವಿಂಗ್ ಟಾರ್ಚ್ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ವೆಟ್‌ಸೂಟ್ ಅಂಟಿಸುವ ನಿಯೋಪ್ರೀನ್ ಅಂಟು ಸಾಮಾನ್ಯವಾಗಿ ಬೆಂಕಿ ಹಿಡಿಯುವ ದ್ರಾವಕದ್ದಾದ್ದರಿಂದ ವಿಮಾನದಲ್ಲಿ ಎರಡೂ ಕಡೆ ನಿಷಿದ್ಧ. ದಪ್ಪ ಸೂಜಿ, ಮೇಣ ಹಚ್ಚಿದ ದಾರ ಲಗೇಜಿನಲ್ಲಿರಲಿ. ಬೆಂಗಳೂರಿನಿಂದ ಶ್ರೀ ವಿಜಯಪುರಂ, ಅಂದರೆ 2024ರವರೆಗಿನ ಪೋರ್ಟ್ ಬ್ಲೇರ್, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ (ಹಿಂದಿನ ಹ್ಯಾವ್‌ಲಾಕ್) ಹೋಗಿ ಸೇರಿದ ಮೇಲೆ ಮುಖ್ಯ ಭೂಭಾಗದಿಂದ ಒಂದು ಭಾಗ ತರಿಸುವಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತದೆ. ಆದ್ದರಿಂದ ನೇತ್ರಾಣಿಗೆ ಬೇಡವೆನ್ನಿಸಿದ ಇನ್ನೊಂದು ಇನ್‌ಫ್ಲೇಟರ್ ಹೋಸ್, ಒಂದು ಗೇಜಿನ ಹೋಸ್, ಬಿಸಿಡಿಯ ಗಾಳಿ ಬಿಡುವ ವಾಲ್ವ್ ಈ ಮೂರನ್ನು ಅಂಡಮಾನಿನ ಪೆಟ್ಟಿಗೆಗೆ ಸೇರಿಸಿಕೊಳ್ಳಿ. ಬಿಸಿಡಿಯ ಒಳಚೀಲವೇ ತೂತಾದರೆ ಮಾತ್ರ ತೇಪೆಯ ಯೋಚನೆ ಬಿಟ್ಟು ಬಾಡಿಗೆಗೆ ಪಡೆಯಿರಿ.

ಕೊನೆಯದಾಗಿ, ನೀವು ಕೇಳದ, ಆದರೆ ಪ್ಯಾಕಿಂಗಿಗೇ ಸಂಬಂಧಿಸಿದ ಒಂದು ವಿಷಯ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬ ಸಲಹೆ ನಿಮಗೆ ತರಬೇತಿಯಲ್ಲೇ ತಿಳಿದಿದೆ. ಆ ಸಲಹೆ ವಿಮಾನದೊಳಗಿನ ಗಾಳಿಯ ಒತ್ತಡ 610 ಮೀಟರಿಗಿಂತ ಹೆಚ್ಚಿನ ಎತ್ತರಕ್ಕೆ ಸಮನಾಗುವ ಪರಿಸ್ಥಿತಿಗೆ ಅನ್ವಯಿಸುವಂಥದ್ದು, ಮತ್ತು ನಿಮ್ಮ ಮನೆ ಇರುವುದೇ ಅದಕ್ಕಿಂತ ಎತ್ತರದಲ್ಲಿ. ಹಾಗಾಗಿ ಮಧ್ಯಾಹ್ನ ಎರಡನೆಯ ಡೈವ್ ಮುಗಿಸಿ ಅದೇ ಸಂಜೆ ಚಾರ್ಮಾಡಿ ಹತ್ತುವುದು ವಿಮಾನ ಹತ್ತಿದಂತೆಯೇ ಆಗುತ್ತದೆ, ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಆ ಸಂಜೆಯಲ್ಲಿ ಮಾಡಲು ಕೆಲಸವಿದೆ. ಫಸ್ಟ್ ಸ್ಟೇಜಿನ ಧೂಳುಮುಚ್ಚಳ ಹಾಕಿಕೊಂಡು ಸಿಹಿನೀರಿನಲ್ಲಿ ನೆನೆಸಿ, ನೆನೆಯುತ್ತಿರುವಾಗ ಸೆಕೆಂಡ್ ಸ್ಟೇಜಿನ ಗುಂಡಿ ಒತ್ತದೆ, ನೆರಳಿನಲ್ಲಿ ಒಣಗಿಸಿ. ಸ್ಪ್ಯಾನರ್‌ಗಳನ್ನೂ ತೊಳೆದು ಒರೆಸಿ, ಏಕೆಂದರೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೇಗ ತುಕ್ಕು ಹಿಡಿಯುವುದು ಅವೇ. ಚೀಲದಿಂದ ಏನೇನು ಖರ್ಚಾಯಿತು, ಏನು ಬೇಕಾಗಿತ್ತು ಆದರೆ ಇರಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಚೀಲದೊಳಗೇ ಹಾಕಿಡಿ. ಅಕ್ಟೋಬರ್‌ನಿಂದ ಏಪ್ರಿಲ್‌ಗೆ ನಡುವೆ ನಿಮಗೊಂದು ಪೂರ್ತಿ ಕೊಯ್ಲು ಇದೆ, ಅಷ್ಟರಲ್ಲಿ 014 ಎಷ್ಟು ಉಳಿದಿದ್ದವು ಎಂಬುದು ನಾಲ್ವರಲ್ಲಿ ಒಬ್ಬರಿಗೂ ನೆನಪಿರುವುದಿಲ್ಲ.